ಸಂದಿ ಕಂಡರೆ ಮುಚ್ಚುವ ಚಟ

ಫ್ರಿಜ್ ಸುತ್ತ ಸಂದಿ ಉಳಿದರೆ ಅದು ಕಾರ್ಪೆಂಟರ್ ಕೆಲಸದ ದೋಷ ಎಂಬ ನಂಬಿಕೆ ಎಲ್ಲಿಂದ ಬಂತೋ, ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಹೊಸ ಬಡಾವಣೆಗಳ ಅಡುಗೆಮನೆಗಳನ್ನೆಲ್ಲ ಈಗ ಅದೇ ಆಳುತ್ತಿದೆ. ಎಡಕ್ಕೆ ಪ್ಲೈವುಡ್, ಬಲಕ್ಕೆ ಪ್ಲೈವುಡ್, ನೆತ್ತಿಯ ಮೇಲೆ ಹಳೇ ಪಾತ್ರೆ ತುಂಬಿದ ಲಾಫ್ಟ್, ಬೆನ್ನಿಗೆ ಗೋಡೆ, ನಡುವೆ ಬೆರಳೂ ತೂರದಂತೆ ಫ್ರಿಜ್. ಗೃಹಪ್ರವೇಶಕ್ಕೆ ಬಂದವರು ‘ಏನ್ ಫಿಟ್ಟಿಂಗ್ ರೀ!’ ಎಂದು ಮೆಚ್ಚಿ ಹೋಗುತ್ತಾರೆ. ಎರಡು-ಮೂರು ಬೇಸಿಗೆ ಕಳೆದ ಮೇಲೆ ‘ಈಗಿನ ಫ್ರಿಜ್ಜುಗಳು ಬಾಳಿಕೆ ಬರಲ್ಲ, ಹಿಂದಿನವು ಎಷ್ಟು ಗಟ್ಟಿ’ ಎಂದು ಕಂಪನಿಯವರನ್ನು ಬೈಯುವುದೂ ಇದೇ ಅಡುಗೆಮನೆಯಲ್ಲಿ ನಿಂತೇ.

ಫ್ರಿಜ್ ಮಾಡುವ ಕೆಲಸವೆಂದರೆ ಒಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುವುದು. ಜೊತೆಗೆ ತಾನು ಉಂಡ ವಿದ್ಯುತ್ತನ್ನೂ ಅದು ಶಾಖವಾಗಿಯೇ ಬಿಡುತ್ತದೆ. ಹಳೆಯ ಫ್ರಿಜ್ಜುಗಳಲ್ಲಿ ಈ ಶಾಖ ಹೊರಬೀಳುವ ಕಪ್ಪು ಜಾಲರಿ ಬೆನ್ನ ಮೇಲೆ ಕಾಣುತ್ತಿತ್ತು, ಮಳೆಗಾಲದಲ್ಲಿ ಅದರ ಮೇಲೆ ಕರವಸ್ತ್ರ ಒಣಗಿಸುವವರೂ ಇದ್ದರು. ಈಗಿನ ಅನೇಕ ಮಾದರಿಗಳಲ್ಲಿ ಆ ಕೊಳವೆಗಳು ಪಕ್ಕದ ತಗಡಿನ ಒಳಗೆ ಅಡಗಿವೆ. ಜಾಲರಿ ಕಣ್ಣಿಗೆ ಬೀಳದಾದದ್ದೇ ತಡ, ಜಾಗ ಬಿಡುವ ಅಗತ್ಯವೂ ಮುಗಿಯಿತೆಂದು ಜನ ತೀರ್ಮಾನಿಸಿಬಿಟ್ಟರು. ಆದದ್ದು ಅದರ ತದ್ವಿರುದ್ಧ: ಮೊದಲು ಹಿಂದೆ ಮಾತ್ರ ಬೇಕಿದ್ದ ಜಾಗ ಈಗ ಪಕ್ಕಗಳಲ್ಲೂ ಬೇಕು. (ಪಕ್ಕದ ತಗಡು ಬೆಚ್ಚಗಿದೆ, ಮೋಟರ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರು ಗಮನಿಸಬೇಕು, ಬೆಚ್ಚಗಿರುವುದೇ ಅದು ಕೆಲಸ ಮಾಡುತ್ತಿರುವ ಗುರುತು.) ಲೆಕ್ಕ ಬೇಕೆನ್ನುವವರಿಗೆ ಸರಳ ಲೆಕ್ಕವೇ ಇದೆ. ಒಳಗೆ 4 ಡಿಗ್ರಿ, ಹೊರಗೆ 30 ಡಿಗ್ರಿ ಎಂದಿಟ್ಟುಕೊಳ್ಳಿ, ವ್ಯತ್ಯಾಸ 26. ಪ್ಲೈವುಡ್ ಗೂಡಿನೊಳಗೆ ಬಿಸಿಗಾಳಿ ನಿಂತು 40 ಡಿಗ್ರಿ ಆಯಿತೆನ್ನಿ, ವ್ಯತ್ಯಾಸ 36. ಗೋಡೆಗಳ ಮೂಲಕ ಒಳಕ್ಕೆ ಸೋರುವ ಶಾಖ ಈ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು ಶೇ. 38ರಷ್ಟು ಹೆಚ್ಚು. ಅಷ್ಟನ್ನೂ ಎತ್ತಿ ಹಾಕಲು ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕು, ಓಡಿದಷ್ಟೂ ಗೂಡು ಇನ್ನಷ್ಟು ಕಾಯುತ್ತದೆ.

ಇದಕ್ಕೆ ಬರುವ ಆಕ್ಷೇಪಗಳೆಲ್ಲ ಪರಿಚಿತವೇ. ‘ಸಿಟಿಯ ಷೋರೂಮಿನಲ್ಲಿ ಕಪಾಟಿನೊಳಗೇ ಕೂರಿಸಿದ್ದಾರಲ್ಲ’ ಎನ್ನುತ್ತಾರೆ. ಹೌದು, ಅವು ಕಪಾಟಿನೊಳಗೆ ಇಡಲೆಂದೇ ತಯಾರಾದವು. ಕೆಳಗಿನಿಂದ ಗಾಳಿ ಎಳೆದು ಹೊರಗೆ ದಾಟಿಸುವ ದಾರಿ ಯಂತ್ರಕ್ಕೂ ಇದೆ, ಕಪಾಟಿಗೂ ಇದೆ; ಬಿಡಿಯಾಗಿ ನಿಲ್ಲುವ ಮಾಮೂಲಿ ಡಬಲ್ ಡೋರ್‌ಗೆ ಅದಿಲ್ಲ. ‘ನಮ್ಮದು ಫೈವ್ ಸ್ಟಾರ್’ ಎಂಬುದು ಎರಡನೆಯ ಆಸರೆ. ಆ ನಕ್ಷತ್ರಗಳನ್ನು ಕೊಡುವ ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಗೊತ್ತಾದ ಉಷ್ಣತೆಯಲ್ಲಿ, ನಿಮ್ಮ ಲಾಫ್ಟಿನ ಕೆಳಗಲ್ಲ. ನಂದಿಬೆಟ್ಟದ ತಪ್ಪಲಿನ ತಂಪು ಹವೆಯನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ. ಉತ್ತರ ಪಿನಾಕಿನಿ ದಂಡೆಯ ಗೌರಿಬಿದನೂರಿನಲ್ಲಿ ಏಪ್ರಿಲ್ ಕಳೆದವರಂತೂ ಈ ಮಾತಾಡಲಾರರು. ಇರಲಿ, ಊರಿನ ಹವೆ ಹೇಗಿದ್ದರೂ ಫ್ರಿಜ್ಜಿಗೆ ಗೊತ್ತಿರುವುದು ತನ್ನ ಸುತ್ತಲಿನ ನಾಲ್ಕಿಂಚಿನ ಹವೆ ಮಾತ್ರ. ಇನ್ನು ‘ಎರಡೂ ಕಡೆ ಒಂದೊಂದು ಇಂಚು ಬಿಟ್ಟಿದ್ದೇವೆ’ ಎನ್ನುವವರು ಅರ್ಧ ದಾರಿ ಬಂದವರು. ಬಿಸಿಗಾಳಿ ಮೇಲಕ್ಕೇರುತ್ತದೆ. ಪಕ್ಕದಲ್ಲಿ ಸಂದಿ ಬಿಟ್ಟು ನೆತ್ತಿ ಮುಚ್ಚಿದರೆ ಅದು ಅಲ್ಲಲ್ಲೇ ಸುತ್ತುತ್ತಿರುತ್ತದೆ. ಎಷ್ಟು ಜಾಗ ಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ. ಸಾಮಾನ್ಯವಾಗಿ ಹಿಂದೆ, ಪಕ್ಕ 5ರಿಂದ 10 ಸೆಂಟಿಮೀಟರ್, ಮೇಲೆ ಅದಕ್ಕಿಂತ ಹೆಚ್ಚು. ಈಗಾಗಲೇ ಗೂಡು ಕಟ್ಟಿಸಿಯಾಗಿದ್ದರೆ ನೆತ್ತಿಯ ಹಲಗೆ ಕಳಚಿಸಿದರೂ ಅರ್ಧ ಪಾಪ ಪರಿಹಾರ.

ಸೋಜಿಗವೆಂದರೆ ಗಾಳಿಯಾಟದ ಪಾಠ ಈ ಸೀಮೆಗೆ ಹೊಸದೇ ಅಲ್ಲ. ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಬೆಳೆಯುವವರು ಹುಳು ಮನೆ ಕಟ್ಟಿಸುವಾಗ ಗೋಡೆಯ ಬುಡದಲ್ಲೊಂದು, ಮೇಲೊಂದು ಕಿಂಡಿ ಇಡಿಸಿ, ಅದಕ್ಕೆ ಊಜಿ ನೊಣ ಬರದಂತೆ ಜಾಲರಿ ಹೊಡೆಸುತ್ತಾರೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟಾಗ ಗಾಳಿಯಾಡದೆ ತೇವ ನಿಂತರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ರೀಲರ್‌ಗಳು ಕೈಯಲ್ಲಿ ಹಿಡಿದು ನೋಡಿ ಬೆಲೆ ಇಳಿಸುತ್ತಾರೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಹುಳುವಿಗೆ ಕೆಳಗೂ ಮೇಲೂ ಕಿಂಡಿ ಬಿಟ್ಟ ಅದೇ ಯಜಮಾನರು ಫ್ರಿಜ್ಜಿಗೆ ಬಂದಾಗ ಎರಡನ್ನೂ ಮುಚ್ಚಿಸುತ್ತಾರೆ.

ಫ್ರಿಜ್ಜಿನ ವಿಷಯದಲ್ಲಿ ಹೋಗುವುದು ಹಣ. ಅಡುಗೆ ಕಟ್ಟೆಯ ಕೆಳಗಿನ ಸಿಲಿಂಡರ್ ಕಪಾಟಿನಲ್ಲಿ ಇದೇ ಚಟ ಜೀವಕ್ಕೆ ಎರವಾಗಬಹುದು. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲ ಹಿಡಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಕಪಾಟಿನ ಬಾಗಿಲಿಗೆ ಬುಡದಲ್ಲೂ ಮೇಲೂ ರಂಧ್ರ ಇರಬೇಕೆನ್ನುವುದು. ನಮ್ಮವರು ಹಲ್ಲಿ ಬರುತ್ತದೆಂದು ಬುಡದ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ, ‘ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎಂದು ನೆಮ್ಮದಿಯಾಗಿರುತ್ತಾರೆ. ಸೋರಿದ ಅನಿಲ ನೆಲದಲ್ಲಿ, ಫ್ಯಾನ್ ಸೂರಿನ ಹತ್ತಿರ. ಮೇಲಾಗಿ ಅನಿಲದ ವಾಸನೆ ಬಂದಾಗ ಆ ಫ್ಯಾನಿನ ಸ್ವಿಚ್ ಒತ್ತುವುದೇ ಕಿಡಿ ಹಚ್ಚುವ ಕೆಲಸ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡುವುದು ಸರಿ.

ಜಿರಳೆಗೆ ಹೆದರಿ ಸಂದಿಯನ್ನು ಕಿರಿದಾಗಿಸುವುದೂ ವ್ಯರ್ಥ: ಜಿರಳೆ 3 ಮಿಲಿಮೀಟರ್ ಸಂದಿಯಲ್ಲೂ ಮೈ ಚಪ್ಪಟೆ ಮಾಡಿಕೊಂಡು ನುಸುಳುತ್ತದೆಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 2016ರಲ್ಲೇ ತೋರಿಸಿದ್ದಾರೆ, ಅದಕ್ಕೆ ಇಷ್ಟವೂ ಇಕ್ಕಟ್ಟೇ. ಫ್ರಿಜ್ಜಿನ ಮೂಲೆಯನ್ನು ವಾಸ್ತು ಹೇಳುವವರು ನಿರ್ಧರಿಸುವ ಬಗ್ಗೆ ಮಾತಾಡದಿರುವುದೇ ಲೇಸು. ಚಿಂತಾಮಣಿಯಲ್ಲಿ ಟೊಮೆಟೊ ಬಾಕ್ಸಿಗೆ ಹತ್ತು ರೂಪಾಯಿ ಹೆಚ್ಚು ಸಿಗುತ್ತದೆಯೇ ಎಂದು ನಾಲ್ಕು ಮಂಡಿ ವಿಚಾರಿಸುವ ಜನ, ಮೊಬೈಲಿನ ಅರ್ಧ ನಿಮಿಷದ ವಿಡಿಯೊ ಹೇಳಿದ್ದನ್ನು ಒಂದೂ ಪ್ರಶ್ನೆ ಕೇಳದೆ ಒಪ್ಪುತ್ತಾರೆ. ಯಂತ್ರ ತಯಾರಿಸಿದವರೇ ಅಚ್ಚು ಹಾಕಿಸಿ ಕೊಟ್ಟ ಕೈಪಿಡಿಯೋ ಪ್ಲಾಸ್ಟಿಕ್ ಕವರ್ ಬಿಚ್ಚದೆ ವಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿರುತ್ತದೆ. ‘ಐವತ್ತು ಮನೆಗೆ ಹೀಗೇ ಮಾಡಿದ್ದೀನಿ, ಏನೂ ಆಗಿಲ್ಲ’ ಎಂಬ ಕಾರ್ಪೆಂಟರ್ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಕೂಲಿ ಎಣಿಸಿಕೊಂಡು ಹೋದವನು ಆ ಮನೆಗಳ ಕರೆಂಟ್ ಬಿಲ್ ನೋಡಲು ಮತ್ತೆ ಬರುವುದುಂಟೇ?

ನಿಜವಾಗಿ ಮುಚ್ಚಲೇಬೇಕಾದ ಸಂದಿಯೂ ಒಂದಿದೆ, ಸಿಂಕಿನ ಹಿಂದೆ ಗ್ರಾನೈಟ್ ಸ್ಲ್ಯಾಬ್ ಗೋಡೆಗೆ ಕೂಡುವಲ್ಲಿ. ಅಲ್ಲಿ ಇಳಿದ ನೀರು ಸೀದಾ ಕೆಳಗಿನ ಪ್ಲೈ ಸೇರಿ ಹಲಗೆ ಉಬ್ಬಿಸುತ್ತದೆ. ಆ ಜಾಗಕ್ಕೆ ಮಾತ್ರ ನಮ್ಮವರು ಬಿಳಿ ಸಿಮೆಂಟ್ ಬಳಿದು ಸುಮ್ಮನಾಗುತ್ತಾರೆ, ಅದು ಬಿರುಕು ಬಿಟ್ಟ ಮೇಲೂ ತಿರುಗಿ ನೋಡುವುದಿಲ್ಲ. ಬಿರುಕು ಬಿಡದೆ ಹಿಗ್ಗಿ ಕುಗ್ಗುವ ಸಿಲಿಕೋನ್ ಸೀಲೆಂಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಹಳೇ ಸಿಮೆಂಟ್ ಕೆರೆದು, ಪೂರ್ತಿ ಒಣಗಿಸಿ, ಆಮೇಲೆ ಹಾಕಿಸಬೇಕು.