ಕಟ್ಟುವ ಕೆಲಸ ನಿಂತಾಗ ಅಳೆಯಲು ಹೊರಟವರು

1931ರ ಮೇ 1ರಂದು ನ್ಯೂಯಾರ್ಕಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅದರಷ್ಟು ಎತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಆದರೆ ಒಳಗೆ ಬಾಡಿಗೆಗೆ ಬರುವವರೇ ಇಲ್ಲ. ಇದ್ದ ಕಟ್ಟಡಕ್ಕೇ ಗಿರಾಕಿ ಇಲ್ಲದ ಮೇಲೆ ಹೊಸದನ್ನು ಕಟ್ಟಿಸುವವರು ಯಾರು? 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದಿತ್ತು, ಅದರ ಬೆನ್ನಿಗೇ ಬ್ಯಾಂಕುಗಳೂ ಮುಳುಗತೊಡಗಿದ್ದವು. ಇಂಥ ಹೊತ್ತಿನಲ್ಲಿ ಮೊದಲ ಪೆಟ್ಟು ಬೀಳುವುದು ಆರ್ಕಿಟೆಕ್ಟರಿಗೆ. ಗಾರೆ ಕೆಲಸದವನಿಗೆ ಅರ್ಧ ಎದ್ದ ಗೋಡೆಯನ್ನು ಮುಗಿಸುವ ಕೂಲಿಯಾದರೂ ಇರುತ್ತದೆ. ನಕ್ಷೆಯ ಕೆಲಸ ಪಾಯ ತೋಡುವುದಕ್ಕೂ ಎಷ್ಟೋ ತಿಂಗಳು ಮೊದಲೇ ನಡೆಯುವಂಥದ್ದು. ಹಾಗಾಗಿ ಸೈಟುಗಳು ಖಾಲಿಯಾಗುವ ಮುನ್ನವೇ ನಕ್ಷೆ ಬರೆಯುವ ಕೋಣೆಗಳು ಖಾಲಿಯಾದವು. ಅಲ್ಲೂ ಮೊದಲು ಮನೆಗೆ ಹೋದವರು ಆಗತಾನೆ ಓದು ಮುಗಿಸಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದ ಹುಡುಗರು.

ನ್ಯೂಯಾರ್ಕಿನ ಹಿರಿಯ ಆರ್ಕಿಟೆಕ್ಟರು ಸೇರಿ ಒಂದು ತುರ್ತು ನೆರವು ಸಮಿತಿ ಮಾಡಿಕೊಂಡರು. ಬರೀ ಚಂದಾ ಎತ್ತಿ ಹಂಚಲಿಲ್ಲ, ಒಂದು ಪುಸ್ತಕಕ್ಕೆ ಕೈಹಾಕಿದರು. ಅಮೆರಿಕದ ಹಳೆಯ ಜಾರ್ಜಿಯನ್ ಶೈಲಿಯ ಮನೆಗಳ ಅಳತೆ ನಕ್ಷೆಗಳನ್ನು ಕೆಲಸವಿಲ್ಲದ ನಕ್ಷೆಗಾರರಿಂದ ಬರೆಸಿ, ಅವರಿಗೆ ಸಂಬಳ ಕೊಟ್ಟು, ಪುಸ್ತಕ ಮಾರಿ ಹಣ ಎತ್ತಿದರು. ‘ಗ್ರೇಟ್ ಜಾರ್ಜಿಯನ್ ಹೌಸಸ್ ಆಫ್ ಅಮೆರಿಕ’ದ ಮೊದಲ ಸಂಪುಟ 1933ರಲ್ಲಿ ಬಂತು, ಎರಡನೆಯದು 1937ರಲ್ಲಿ. ಉಪಾಯ ಚೆನ್ನಾಗಿತ್ತು. ಆದರೆ ಕೆಲಸ ಕಳೆದುಕೊಂಡವರ ಲೆಕ್ಕಕ್ಕೆ ಇಂಥ ಪುಸ್ತಕ ಎಷ್ಟು ಬಂದರೂ ಸಾಲದು.

ಇದೇ ಉಪಾಯವನ್ನು ದೇಶದ ಅಳತೆಗೆ ಹಿಗ್ಗಿಸಿದವನು ಚಾರ್ಲ್ಸ್ ಪೀಟರ್ಸನ್. ರಾಷ್ಟ್ರೀಯ ಉದ್ಯಾನಗಳ ಇಲಾಖೆಯಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗಿದ್ದ ಅವನಿಗೆ ಆಗ 26 ವರ್ಷ. ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಹಳೆಯ ಮನೆಯೊಂದರ ಜೀರ್ಣೋದ್ಧಾರದಲ್ಲಿ ಕೈಯಾಡಿಸಿ ಅನುಭವವಿತ್ತು. 1933ರ ನವೆಂಬರ್ 13, ಸೋಮವಾರ, ಅವನು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದ. ಬೆಂಕಿ, ಮಳೆ, ರಿಯಲ್ ಎಸ್ಟೇಟ್ ವ್ಯವಹಾರ ಇವುಗಳಿಂದ ಹಳೆಯ ಕಟ್ಟಡಗಳು ದಿನದಿನಕ್ಕೆ ನಾಶವಾಗುತ್ತಿವೆ. ಎಲ್ಲವನ್ನೂ ಉಳಿಸಿಕೊಳ್ಳಲಾಗದು, ಆದರೆ ಹೋಗುವ ಮುಂಚೆ ಅಳೆದು ಬರೆದಿಡಬಹುದು. ಅದಕ್ಕೆ ಬೇಕಾದ ಕೈಗಳು ಬೀದಿಯಲ್ಲಿ ಕೆಲಸ ಹುಡುಕುತ್ತ ನಿಂತಿವೆ. ಸುಮಾರು ಸಾವಿರ ಆರ್ಕಿಟೆಕ್ಟರನ್ನೂ ನಕ್ಷೆಗಾರರನ್ನೂ ನೇಮಿಸಿಕೊಳ್ಳಿ ಎಂಬುದು ಅವನ ಸಲಹೆ. ಪಟ್ಟಿಯಲ್ಲಿ ಚರ್ಚು, ಬಂಗಲೆಗಳಷ್ಟೇ ಅಲ್ಲ, ಸೇತುವೆ, ಕೋಟೆ, ಗಿರಣಿ, ಅಂಗಡಿ, ದನದ ಕೊಟ್ಟಿಗೆ ಕೂಡ ಇದ್ದವು.

ನಾಲ್ಕೇ ದಿನಕ್ಕೆ, ನವೆಂಬರ್ 17ರಂದು, ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕ್ಸ್ ಒಪ್ಪಿಗೆ ಕೊಟ್ಟರು. ಸರ್ಕಾರಿ ಕಡತ ಇಷ್ಟು ಬೇಗ ಓಡಿದ್ದಕ್ಕೆ ಕಾರಣವಿದೆ. ಅದೇ ತಿಂಗಳು ಅಧ್ಯಕ್ಷ ರೂಸ್ವೆಲ್ಟ್ ಸಿವಿಲ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್ ಎಂಬ ತಾತ್ಕಾಲಿಕ ಸಂಸ್ಥೆ ಹುಟ್ಟುಹಾಕಿದ್ದರು. ಚಳಿಗಾಲ ಕಳೆಯುವುದರೊಳಗೆ ಲಕ್ಷಾಂತರ ಜನರಿಗೆ ಸಂಬಳ ಕೊಡಬೇಕು ಎಂಬ ಅವಸರ. ಹಣ ಕಾಯುತ್ತಿತ್ತು, ಸಿದ್ಧವಿದ್ದ ಯೋಜನೆಗಳು ಬೇಕಿದ್ದವು. ಹೀಗೆ ಹುಟ್ಟಿದ್ದೇ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆ, ಚುಟುಕಾಗಿ ‘ಹ್ಯಾಬ್ಸ್’. ಇವತ್ತು ಎಲ್ಲರೂ ಅದನ್ನು ಪರಂಪರೆ ಉಳಿಸುವ ಯೋಜನೆ ಎಂದೇ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಮೊದಲ ಮಾರ್ಕು ಸಂಬಳದ ಪಟ್ಟಿಗೆ ಸಲ್ಲಬೇಕು. ಹಳೆಯ ಕಟ್ಟಡಗಳ ಪರವಾಗಿ ಮಾತಾಡುವವರು ಮೊದಲೂ ಇದ್ದರು. ಲೈಬ್ರರಿ ಆಫ್ ಕಾಂಗ್ರೆಸ್ 1930ರಿಂದಲೇ ಅವುಗಳ ಫೋಟೊಗಳನ್ನು ಕೂಡಿಡುತ್ತಿತ್ತು. ದೇಶದ ತುಂಬ ಜನರನ್ನು ಕಳಿಸಿ ಅಳೆಸುವ ದುಡ್ಡು ಬಂದದ್ದು ಮಾತ್ರ ನಿರುದ್ಯೋಗದ ಲೆಕ್ಕದಲ್ಲಿ.

ಕೆಲಸ ನಡೆಯುವ ರೀತಿ ಹೀಗೆ. ಮೂರು ಜನರ ಗುಂಪು. ಇಬ್ಬರು ಟೇಪಿನ ಎರಡು ತುದಿ ಹಿಡಿಯುತ್ತಾರೆ, ಮೂರನೆಯವನು ಕೈಯಲ್ಲೇ ಎಳೆದ ಕಚ್ಚಾ ನಕ್ಷೆಯ ಮೇಲೆ ಅಂಕಿ ಬರೆದುಕೊಳ್ಳುತ್ತಾನೆ. ಕಿಟಕಿಯಿಂದ ಕಿಟಕಿಗೆ ಬಿಡಿಬಿಡಿಯಾಗಿ ಅಳೆಯುವಂತಿಲ್ಲ. ಒಂದೊಂದು ಸಲ ಕಾಲು ಅಂಗುಲ ತಪ್ಪಿದರೂ ಗೋಡೆ ಮುಗಿಯುವಷ್ಟರಲ್ಲಿ ತಪ್ಪು ಅಂಗೈ ಅಗಲವಾಗುತ್ತದೆ. ಅದಕ್ಕೆ ಟೇಪನ್ನು ಒಂದು ಮೂಲೆಯಲ್ಲಿ ಕಚ್ಚಿಸಿಟ್ಟು, ಅಲ್ಲಿಂದಲೇ ಎಲ್ಲವನ್ನೂ ಓದುತ್ತ ಹೋಗಬೇಕು. ಕೋಣೆ ಮೂಲೆಮಟ್ಟವಾಗಿದೆ ಎಂದು ನಂಬುವ ಹಾಗಿಲ್ಲ, ಕರ್ಣಗಳೆರಡನ್ನೂ ಅಳೆದು ತಾಳೆ ನೋಡಬೇಕು. ಗೋಡೆ ವಾಲಿದೆಯೇ ಎನ್ನಲು ತೂಕದ ಗುಂಡು ಇಳಿಬಿಡಬೇಕು. ಬಾಗಿಲ ಚೌಕಟ್ಟಿನ ಅಂಚಿನ ಕೆತ್ತನೆಗೆ ಸೀಸದ ತಂತಿಯನ್ನು ಒತ್ತಿ, ಬಾಗಿದ ಆಕಾರವನ್ನು ಹಾಗೇ ಕಾಗದಕ್ಕಿಟ್ಟು ಗೀಟು ಹಾಕಬಹುದು. ಆಮೇಲೆ ಬೋರ್ಡಿನ ಮುಂದೆ ಕೂತು ಇಂಕಿನಲ್ಲಿ ಎಳೆಯುವುದು. ಹಾಳೆಯ ಅಂಚಿನಲ್ಲಿ ಕಟ್ಟಡದ ಹೆಸರಿನ ಜೊತೆ ನಕ್ಷೆ ಬರೆದವನ ಹೆಸರು. ದೊಡ್ಡ ಆಫೀಸಿನಲ್ಲಿದ್ದಿದ್ದರೆ ಆ ಹುಡುಗನ ಹೆಸರು ಯಾವ ನಕ್ಷೆಯ ಮೇಲೂ ಬರುತ್ತಿರಲಿಲ್ಲವೇನೋ.

ಒಂದು ಕೊರತೆಯೂ ಇತ್ತು. ಸಾಮಾನ್ಯವಾಗಿ 1860ರ ಈಚಿನ ಕಟ್ಟಡಗಳನ್ನು ಮುಟ್ಟಬಾರದೆಂದು ಗೆರೆ ಎಳೆದಿದ್ದರು. ಅಜ್ಜಂದಿರ ಕಾಲದ ವಿಕ್ಟೋರಿಯನ್ ಮನೆಗಳು ಆ ತಲೆಮಾರಿನ ಕಣ್ಣಿಗೆ ಹಳೆಯವೂ ಅಲ್ಲ, ಚೆಂದವೂ ಅಲ್ಲ. ಎಷ್ಟೋ ಕಟ್ಟಡಗಳು ಆ ಗೆರೆಯ ಈಚೆ ನಿಂತು, ನಕ್ಷೆಯಿಲ್ಲದೆ ನೆಲಕ್ಕೆ ಬಿದ್ದವು.

1934ರ ವಸಂತಕ್ಕೆ ತುರ್ತು ಹಣ ನಿಂತಿತು. ಅಲ್ಲಿಗೇ ಎಲ್ಲ ಮುಗಿಯಬೇಕಿತ್ತು. ಆ ಜುಲೈನಲ್ಲಿ ಉದ್ಯಾನ ಇಲಾಖೆ, ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಆರ್ಕಿಟೆಕ್ಟರ ರಾಷ್ಟ್ರೀಯ ಸಂಘ ಒಪ್ಪಂದ ಮಾಡಿಕೊಂಡವು: ಕೆಲಸ ಮಾಡಿಸುವವರು ಒಬ್ಬರು, ನಕ್ಷೆ ಕಾಪಿಡುವವರು ಇನ್ನೊಬ್ಬರು, ಸಲಹೆ ಕೊಡುವವರು ಮತ್ತೊಬ್ಬರು. ಮರುವರ್ಷ ಕಾನೂನಿನ ಬಲವೂ ಸಿಕ್ಕಿತು. ಯುದ್ಧಕಾಲದಲ್ಲಿ ಸರ್ವೆ ನಿಂತಿತು. 1950ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದಲ್ಲಿದ್ದ ಪೀಟರ್ಸನ್, ಬೇಸಿಗೆ ರಜೆಯಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳನ್ನು ಸಂಬಳಕ್ಕೆ ಕರೆದು ಅಳೆಸುವ ಪದ್ಧತಿ ಶುರುಮಾಡಿದ. ನ್ಯೂಯಾರ್ಕಿನ ಪೆನ್ ಸ್ಟೇಷನ್ನನ್ನು 1963ರಲ್ಲಿ ಒಡೆಯತೊಡಗುವ ಮುಂಚೆ, 1962ರಲ್ಲೇ, ಹ್ಯಾಬ್ಸ್‌ಗಾಗಿ ಸರ್ವಿನ್ ರಾಬಿನ್ಸನ್ ಅದರ ಫೋಟೊ ತೆಗೆದಿಟ್ಟಿದ್ದರು. 2004ರಲ್ಲಿ, 97ರ ವಯಸ್ಸಿನಲ್ಲಿ, ಪೀಟರ್ಸನ್ ತೀರಿಕೊಂಡ.

2008ರ ಕುಸಿತದಲ್ಲಿ ಅದೇ ಪಾಡು ಮತ್ತೆ ಬಂತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ 2012ರ ವರದಿಯಲ್ಲಿ ಹೊಸ ಆರ್ಕಿಟೆಕ್ಚರ್ ಪದವೀಧರರ ನಿರುದ್ಯೋಗ ಶೇ 13.9, ಅಲ್ಲಿ ಪಟ್ಟಿ ಮಾಡಿದ್ದ ವಿಷಯಗಳಲ್ಲೇ ಅದು ಅತಿ ಹೆಚ್ಚು. ಆರ್ಕಿಟೆಕ್ಟರಿಗೆಂದೇ ಅಷ್ಟು ದೊಡ್ಡ ಯೋಜನೆ ಮಾತ್ರ ಈ ಸಲ ಬರಲಿಲ್ಲ.

ಅಳತೆ ನಕ್ಷೆ ನಮ್ಮ ಬಿ.ಆರ್ಕ್ ಓದಿನಲ್ಲೂ ಇದೆ. ವಿದ್ಯಾರ್ಥಿಗಳ ಸಂಘಟನೆ ‘ನಾಸಾ ಇಂಡಿಯಾ’ ಇಂಥ ದಾಖಲಾತಿಗಾಗಿ ಲೂಯಿ ಕಾನ್ ಹೆಸರಿನ ಟ್ರೋಫಿಯನ್ನೇ ಕೊಡುತ್ತದೆ. ಹಳೇ ತೊಟ್ಟಿಮನೆಯ ಅಟ್ಟ ಹತ್ತಿ, ತೊಲೆ ಜಂತೆಗಳನ್ನು ಎಣಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ಬರೆದ ಹುಡುಗ ಹುಡುಗಿಯರು ಪದವಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಪೋರ್ಟ್‌ಫೋಲಿಯೊ ಹಿಡಿದು ಅಲೆಯುತ್ತಾರೆ. ಅದೃಷ್ಟವಿದ್ದರೆ ಅಪಾರ್ಟ್‌ಮೆಂಟಿನ ಟಾಯ್ಲೆಟ್ ಡೀಟೈಲ್ ಬರೆಯುವ ಕೆಲಸ ಸಿಗುತ್ತದೆ. ಅತ್ತ ಊರುಗಳಲ್ಲಿ ಪಾಲಾದ ತೊಟ್ಟಿಮನೆಗಳು ಕಂಬದ ಲೆಕ್ಕದಲ್ಲಿ ಬಿಕರಿಯಾಗಿ ರೆಸಾರ್ಟುಗಳ ಪಾಲಾಗುತ್ತಿವೆ. ಪೀಟರ್ಸನ್ ಬರೆದಂಥದ್ದೇ ಒಂದು ಟಿಪ್ಪಣಿಯನ್ನು ವಿಧಾನಸೌಧಕ್ಕೆ ಕಳಿಸಲು ಇಲ್ಲೂ 26ರ ವಯಸ್ಸಿನವರು ಬೇಕಾದಷ್ಟಿದ್ದಾರೆ. ನಾಲ್ಕು ದಿನದಲ್ಲಿ ಸಹಿ ಬೀಳುತ್ತದೆ ಎಂದು ಮಾತ್ರ ನಾನು ಹೇಳಲಾರೆ.