ನರ್ತಕಿಯ ದುಡಿಮೆ

ಮಗಳನ್ನು ನಾಟ್ಯದ ಪಾಠಕ್ಕೆ ಕಳುಹಿಸಬಹುದೇ ಎಂದು ಕೆಲವರು ತಾಯಂದಿರು ನಮ್ಮನ್ನು ಕೇಳುವುದುಂಟು. ಆ ವಿದ್ಯೆಯ ಹಿಂದಿರುವ ದುಡಿಮೆ ಎಂಥದೆಂಬುದನ್ನು ಮದರಾಸಿನ ಬಾಲಸರಸ್ವತಿಯವರ (1918–1984) ಜೀವಿತದಿಂದ ವಿವರಿಸಲು ಇಚ್ಛಿಸುತ್ತೇವೆ.

ಇವರ ಅಜ್ಜಿ ವೀಣೆ ಧನಮ್ಮಾಳ್. ತಾಯಿ ಜಯಮ್ಮಾಳ್ ಗಾಯಕಿ. ಗುರು ಕಂದಪ್ಪ ಪಿಳ್ಳೆಯವರು ಬಹು ಕಠಿಣರು. ಎಳೆಯ ಕೂಸು ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಬೆನ್ನನ್ನು ನೆಟ್ಟಗಿರಿಸಿ, ಅರೆಗುಳಿತ ಭಂಗಿಯಲ್ಲಿಯೇ ಅಂಗಾಲನ್ನು ನೆಲಕ್ಕೆ ತಟ್ಟಬೇಕು. ಒಂದೇ ಅಡವನ್ನು ಮೂರು ಕಾಲಗಳಲ್ಲಿಯೂ ಸಾಧಿಸಬೇಕು; ತಾಳ ಜಾರಿದರೆ ಪುನಃ ಮೊದಲಿನಿಂದ. (ಮಗ್ಗಿ ಒಪ್ಪಿಸುವುದಕ್ಕೆ ಮುಖ ಸಿಂಡರಿಸುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸತಕ್ಕದ್ದು.) ವರ್ಣವೆಂಬ ಬಂಧವೊಂದಕ್ಕೇ ಸುಮಾರು ಒಂದು ಗಂಟೆ ಹಿಡಿಯಬಹುದು. ಒಮ್ಮೆ ಜತಿಗಳ ಬಿರುಸು, ಒಡನೆಯೇ ಸಾಹಿತ್ಯದ ಅಭಿನಯ. ಏರಿದ ಉಸಿರು ಮುಖದಲ್ಲಿ ಕಾಣಕೂಡದು. 1925ರಲ್ಲಿ ಕಾಂಚೀಪುರದಲ್ಲಿ ಈಕೆ ಮೊದಲ ಬಾರಿ ರಂಗವೇರಿದಾಗ ವಯಸ್ಸು ಏಳು.

ದೇಹದ ಈ ಶ್ರಮವು ಕಷ್ಟದಲ್ಲಿ ಚಿಕ್ಕ ಪಾಲು. ಇವರದು ದೇವದಾಸಿ ಮನೆತನ. ಹೆಣ್ಣುಮಕ್ಕಳನ್ನು ದೇವಾಲಯಕ್ಕೆ ಒಪ್ಪಿಸುವ ಪದ್ಧತಿಯನ್ನು ಸುಧಾರಕರು ಖಂಡಿಸಿದರು, ಮಿಷನರಿಗಳೂ ಖಂಡಿಸಿದರು. 1947ರಲ್ಲಿ ಮದರಾಸಿನ ಶಾಸನವು ಅದನ್ನು ನಿಷೇಧಿಸಿತು. ಆ ಪದ್ಧತಿ ಅಳಿದುದು ಒಳ್ಳೆಯದಾಯಿತೆಂದೇ ನಾವು ಈಗಲೂ ನಂಬುತ್ತೇವೆ. ಆದರೆ ಪದ್ಧತಿಯನ್ನು ಹಳಿಯುತ್ತ ಹಳಿಯುತ್ತ, ಆ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿದ ಸ್ತ್ರೀಯರನ್ನೂ ಹಳಿದೆವಲ್ಲ! ನಮ್ಮಂಥ ಶಾಲೆಗಳಲ್ಲಿ ಓದಿದವರು ಈ ದೋಷದಿಂದ ತಪ್ಪಿಸಿಕೊಳ್ಳಲಾರೆವು. ಗೌರವಸ್ಥರ ಮಕ್ಕಳು ಅದೇ ನಾಟ್ಯವನ್ನು ಕಲಿತು ರಂಗಕ್ಕೆ ಬರಲು, ಅದನ್ನು ಹುಟ್ಟಿನಿಂದ ಬಲ್ಲವರಿಗೆ ಕರೆಯೇ ಇಲ್ಲವಾಗತೊಡಗಿತು.

ಬಾಲಸರಸ್ವತಿಯವರಿಗೂ ಹೀಗೆಯೇ ಆಯಿತು. ಗುರುಗಳು ಅಲ್ಮೋರಕ್ಕೆ ಹೋಗಿ, ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಕಾಯಿಲೆ ಬಂತು, ಕಚೇರಿಗಳು ವಿರಳವಾದುವು. ಆದರೂ ತಮ್ಮ ಮನೆತನವನ್ನು ಅವರು ಮರೆಮಾಚಲಿಲ್ಲ. ಶೃಂಗಾರವನ್ನು ತೆಗೆದುಹಾಕಿ ನಾಟ್ಯವನ್ನು ಶುದ್ಧಗೊಳಿಸಬೇಕೆಂಬವರಿಗೆ ಮಣಿಯಲೂ ಇಲ್ಲ. 1953ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಆಶ್ರಯದಲ್ಲಿ ಪಾಠಶಾಲೆ ದೊರೆಯಿತು. 1961ರಲ್ಲಿ ಟೋಕಿಯೋ, 1963ರಲ್ಲಿ ಎಡಿನ್‌ಬರೋ ಅವರನ್ನು ಕರೆಯಿಸಿಕೊಂಡುವು. ಸಂಗೀತಗಾರರಿಗೆ ಸಲ್ಲುತ್ತಿದ್ದ ಸಂಗೀತ ಕಲಾನಿಧಿ ಬಿರುದು 1973ರಲ್ಲಿ ಈ ನರ್ತಕಿಗೆ ಸಂದಿತು.

ಸತ್ಯಜಿತ್ ರಾಯ್ ಅವರು 1976ರಲ್ಲಿ ಇವರನ್ನು ಕುರಿತು ಚಿತ್ರವೊಂದನ್ನು ತೆಗೆದರು. ಅದರಲ್ಲಿ ಅರುವತ್ತನ್ನು ಸಮೀಪಿಸಿದ ಬಾಲಸರಸ್ವತಿಯವರು, ಸೀರೆಯನ್ನು ಕಡಲ ಗಾಳಿ ಎಳೆದಾಡುತ್ತಿರಲು, ಅಲೆಗಳ ಮುಂದೆ ನಿಂತು, ಬಾಲಕೃಷ್ಣನನ್ನು ತಾಯಿಯಂತೆ ಕರೆಯುತ್ತಾರೆ. ಆ ಪದ ವ್ಯಾಸರಾಯರದು, ನಮ್ಮ ಕನ್ನಡದ್ದು.