ಮಣ್ಣಿನ ನುಸಿಗೆ ಹೆಸರಿಡುವುದು

ತೆಂಗು ಬೆಳೆಗಾರರಿಗೆ ನುಸಿ ಎಂದೊಡನೆ ಕಾಯಿಯ ಸಿಪ್ಪೆಯನ್ನು ಕಂದುಗಟ್ಟಿಸುವ ಪೀಡೆ ನೆನಪಾಗುತ್ತದೆ. ಕಾಡಿನ ತರಗೆಲೆಯಡಿ ಬದುಕುವ ಒರಿಬ್ಯಾಟಿಡ್ ನುಸಿಗಳು ಬೇರೆಯೇ ಗುಂಪು. ಕೊಳೆತ ಎಲೆ, ಶಿಲೀಂಧ್ರಗಳನ್ನು ತಿನ್ನುವ ಇವುಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಸುಮಾರು 11,000 ಪ್ರಭೇದಗಳಿಗೆ ಈಗಾಗಲೇ ಹೆಸರಿದೆ. ವಿಯೆಟ್ನಾಮಿನ ಕಾಟ್ ಟಿಯೆನ್‌ನಂಥ ಉಷ್ಣವಲಯದ ಕಾಡುಗಳಿಂದ ಹೊಸವು ಬರುತ್ತಲೇ ಇವೆ.

ಹೊಸದೆಂದು ತಿಳಿಯುವುದು ಹೇಗೆ? ಮೊದಲು ಹಿಡಿಯಬೇಕು. 1905ರಲ್ಲಿ ಇಟಲಿಯ ಬರ್ಲೇಸೆ ರೂಪಿಸಿದ ಆಲಿಕೆಯೇ ಇಂದಿಗೂ ಇದಕ್ಕೆ ಸಾಧನ. ಜಾಲರಿಯ ಮೇಲೆ ತರಗೆಲೆ ಹರಡಿ ಮೇಲೊಂದು ಬಲ್ಬು ಉರಿಸಿದರೆ (ಬಲ್ಬು ಸ್ವೀಡನ್ನಿನ ಟುಲ್‌ಗ್ರೆನ್ ಸೇರಿಸಿದ್ದು) ಮೇಲ್ಪದರ ಒಣಗುತ್ತದೆ. ತೇವ ಬಯಸುವ ನುಸಿಗಳು ಕೆಳಗಿಳಿಯುತ್ತಾ ಮದ್ಯಸಾರದ ಬಾಟಲಿಗೆ ಬೀಳುತ್ತವೆ. ಅವಸರದಿಂದ ಒಣಗಿಸಿದರೆ ಇಳಿಯುವ ಮೊದಲೇ ಸಾಯುತ್ತವೆ.

ಇವುಗಳ ಕಂದು ಕವಚದ ಮೂಲಕ ಬೆಳಕು ಸುಲಭವಾಗಿ ಹಾಯದು. ಲ್ಯಾಕ್ಟಿಕ್ ಆಮ್ಲದಲ್ಲಿಟ್ಟರೆ ಒಳಗಿನ ಮೃದು ಅಂಗಾಂಶ ಕರಗಿ ಕವಚ ತಿಳಿಯಾಗುತ್ತದೆ. ಬಳಿಕ ಸೂಕ್ಷ್ಮದರ್ಶಕದಡಿ ಎಣಿಕೆ: ಬೆನ್ನಿನ ಮೇಲೆ ಎಷ್ಟು ಜೊತೆ ರೋಮ, ಕಾಲಿನ ಪ್ರತಿ ಖಂಡದಲ್ಲಿ ಎಷ್ಟು, ಮುಂಭಾಗದ ಕುಳಿಯಿಂದ ಹೊರಡುವ ಸಂವೇದನಾ ರೋಮದ ತುದಿ ದಾರದಂತಿದೆಯೋ ಗದೆಯಂತಿದೆಯೋ.

ರೋಮಗಳ ಈ ಶಿಸ್ತಿಗೆ ಭದ್ರ ಬುನಾದಿ ಹಾಕಿದ ಫ್ರಾನ್ಸಿನ ಫ್ರಾಂಸ್ವಾ ಗ್ರಾಂಜಾನ್ ಮೂಲತಃ ಸ್ಫಟಿಕ ವಿಜ್ಞಾನಿ. ದ್ರವ ಸ್ಫಟಿಕಗಳನ್ನು ಅಭ್ಯಸಿಸಿದವರಿಗೆ ಅವರ ಹೆಸರು ಪರಿಚಿತ. ಸ್ಫಟಿಕಗಳನ್ನು ನೋಡುತ್ತಿದ್ದ ಧ್ರುವೀಕೃತ ಬೆಳಕಿನಲ್ಲೇ ಅವರು ನುಸಿಗಳನ್ನೂ ನೋಡಿದರು. ಪರಸ್ಪರ ಲಂಬವಾಗಿಟ್ಟ ಎರಡು ಧ್ರುವಕಗಳ ನಡುವೆ, ಕಪ್ಪು ಹಿನ್ನೆಲೆಯಲ್ಲಿ, ಕೆಲವು ನುಸಿಗಳ ರೋಮ ಹೊಳೆಯಿತು, ಉಳಿದವುಗಳದು ಹೊಳೆಯಲಿಲ್ಲ. ಹೊಳೆಯುವ ರೋಮದ ತಿರುಳಿನಲ್ಲಿ ದ್ವಿವಕ್ರೀಭವನ ತೋರುವ ವಸ್ತುವಿದೆ. 1935ರಲ್ಲಿ ಇದರ ಆಧಾರದಿಂದಲೇ ಅವರು ನುಸಿಗಳನ್ನು ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು. ಒರಿಬ್ಯಾಟಿಡ್‌ಗಳು ಹೊಳೆಯುವ ಗುಂಪಿಗೆ ಸೇರುತ್ತವೆ. ಕ್ಯಾಲ್ಸೈಟ್ ಹರಳಿನ ಪಾಠದಲ್ಲಿ ಇದನ್ನೂ ಒಂದು ಉದಾಹರಣೆಯಾಗಿ ಕೊಡಬಹುದಲ್ಲವೇ?

ಇನ್ನೊಂದು ತೊಡಕಿದೆ. ಮೊಟ್ಟೆಯೊಡೆದ ಮರಿಗೆ ಮೂರು ಜೊತೆ ಕಾಲು, ಪ್ರೌಢಕ್ಕೆ ನಾಲ್ಕು. ರೂಪವೂ ಬೇರೆ. ಆದ್ದರಿಂದ ಹೆಚ್ಚಿನ ವಿವರಣೆಗಳು ಪ್ರೌಢ ನುಸಿಗೆ ಸೀಮಿತ.

ವಿವರಣೆ, ಚಿತ್ರ, ಅಳತೆಗಳು ಪ್ರಕಟವಾದರಷ್ಟೇ ಸಾಲದು. ಒಂದು ಮಾದರಿಯನ್ನು ‘ಹೋಲೊಟೈಪ್’ ಎಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿಡಬೇಕು. ಮುಂದೆ ಸಂದೇಹ ಬಂದಾಗ ಹೋಲಿಸಿ ನೋಡುವುದು ಅದರೊಂದಿಗೆ. 2018ರ ಸೆಪ್ಟೆಂಬರಿನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ಸಂಗ್ರಹಾಲಯ ಹೊತ್ತಿ ಉರಿದಾಗ ಕೀಟ ಹಾಗೂ ಜೇಡವರ್ಗದ ಸಂಗ್ರಹದ ಬಹುಪಾಲು ನಾಶವಾಯಿತು. ಹೋಲೊಟೈಪ್ ಕಳೆದುಹೋಗಿ ಗೊಂದಲವುಂಟಾದರೆ, ಸಾಧ್ಯವಾದಷ್ಟು ಮೂಲ ಸ್ಥಳದ ಸಮೀಪದಿಂದಲೇ ಇನ್ನೊಂದನ್ನು ತಂದು ‘ನಿಯೋಟೈಪ್’ ಎಂದು ಗೊತ್ತುಮಾಡಲು ನಾಮಕರಣ ನಿಯಮಾವಳಿಯಲ್ಲಿ ಅವಕಾಶವಿದೆ. ಆ ಕಾಡೂ ಅಷ್ಟರಲ್ಲಿ ಕಡಿದುಹೋಗಿದ್ದರೆ ಕೈಯಲ್ಲಿ ಉಳಿಯುವುದು ಪ್ರಕಟಿತ ಚಿತ್ರ ಮತ್ತು ಅಳತೆಗಳು ಮಾತ್ರ.